ಎಲ್ಲರಿಗೂ ಹೋದ ಬೀಗರೂಟ

ಮಹದೇವು ಮೇಷ್ಟ್ರಿಗೆ ಕಂಪ್ಯೂಟರ್ ಕಂಡರಾಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾಪ, ಅವರಿಗೆ ಅದರ ಮೇಲೆ ಯಾವ ಸಿಟ್ಟೂ ಇರಲಿಲ್ಲ. ವಿಭಾಗದಲ್ಲಿ ಅವರ ಮೇಜಿನ ಮೇಲೆಯೇ ಒಂದು ಕೂತಿತ್ತು. ಪ್ರತಿ ವರ್ಷ ಆಯುಧಪೂಜೆಗೆ ತಾವೇ ಕೈಯಾರೆ ಅದರ ಧೂಳು ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಮಿಕ್ಕ ದಿನ ಅದರ ಗೋಜಿಗೆ ಹೋಗುತ್ತಿರಲಿಲ್ಲ, ಅಷ್ಟೇ.

ಸಮಾಜಶಾಸ್ತ್ರ ಹೇಳಿಕೊಡುವುದಕ್ಕೆ ಅವರಿಗೆ ಗಂಟಲೊಂದಿದ್ದರೆ ಸಾಕಿತ್ತು. ಊರಂಚಿನ ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದ ಮನುಷ್ಯ. ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುತ್ತಿದ್ದ ರೈತರ ವಂಶ. ಅವರು ಪಾಠ ಶುರು ಮಾಡಿದರೆ ಪಕ್ಕದ ಕೊಠಡಿಯಲ್ಲಿ ಇತಿಹಾಸದ ಸುಂದರೇಶ ಕಿಟಕಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಪೀರಿಯಡ್ ಅವರದೇ. ಹಾಜರಿ ಕರೆಯುವಾಗ ಒಂದು ಹೆಸರಿನ ಹತ್ತಿರ ನಿಲ್ಲುವುದು ವಾಡಿಕೆ. “ಗಗನ! ಈ ಗಗನ ಅನ್ನೋ ಹುಡುಗಿ ನಿಜವಾಗ್ಲೂ ಇದಾಳೇನ್ರಪ್ಪಾ, ಇಲ್ಲಾ ಗಗನಕುಸುಮಾನೋ?” ಎನ್ನುತ್ತಿದ್ದರು. ಹುಡುಗರು ದಿನಾ ಅದೇ ಜೋಕಿಗೆ ದಿನಾ ಹೊಸದಾಗಿ ನಗುತ್ತಿದ್ದರು. ಆ ಹುಡುಗಿ ಮಾತ್ರ ಆ ಸೆಮಿಸ್ಟರಿನಲ್ಲಿ ಒಂದು ದಿನವೂ ಕ್ಲಾಸಿಗೆ ಬಂದಿರಲಿಲ್ಲ.

ಹೀಗಿದ್ದವರ ಬಾಳಿಗೆ ಎಲ್ಲೆಮ್ಮೆಸ್ಸು ಬಂತು. ಬಿಡಿಸಿ ಹೇಳಿದರೆ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ. ಮೇಷ್ಟ್ರುಗಳು ನೋಟ್ಸು, ಪ್ರಶ್ನೆ, ಸೂಚನೆ ಎಲ್ಲವನ್ನೂ ಅದರೊಳಗೆ ಹಾಕಬೇಕು, ಹುಡುಗರು ಮೊಬೈಲಿನಲ್ಲಿ ತೆಗೆದು ನೋಡಬೇಕು ಎಂಬುದು ಸುತ್ತೋಲೆಯ ಸಾರಾಂಶ. ಸೆಮಿಸ್ಟರ್ ಶುರುವಾದಾಗಲೇ ಹುಡುಗರಿಗೆಲ್ಲ ಲಾಗಿನ್ ಕೊಟ್ಟಾಗಿತ್ತು. ಮೇಷ್ಟ್ರುಗಳಿಗೆ ತರಬೇತಿ ಕೊಡಬೇಕು ಎಂದು ನೆನಪಾದದ್ದು ಮೂರು ತಿಂಗಳ ಮೇಲೆ. ನಮ್ಮ ಕಚೇರಿಗಳ ಕೆಲಸವೇ ಹಾಗೆ, ಮೊದಲು ಎಲೆ ಹಾಸಿ ಜನರನ್ನು ಕೂರಿಸಿ ಆಮೇಲೆ ಅಕ್ಕಿ ಹುಡುಕಲು ಹೊರಡುತ್ತಾರೆ.

ತರಬೇತಿ ಕೊಡಲು ಸಿಕ್ಕಿದವಳು ಶಿಲ್ಪಶ್ರೀ. ಕಂಪ್ಯೂಟರ್ ವಿಜ್ಞಾನದ ಅತಿಥಿ ಉಪನ್ಯಾಸಕಿ; ಅವಳ ವಯಸ್ಸು ಎದುರಿಗೆ ಕೂತಿದ್ದವರ ಸರ್ವೀಸಿಗಿಂತ ಕಡಿಮೆ. ಮೊದಲ ಬೆಳಿಗ್ಗೆ ಪೂರ್ತಿ ಪಾಸ್‌ವರ್ಡಿಗೇ ಹೋಯಿತು. “ಪಾಸ್‌ವರ್ಡ್ ಯಾರಿಗೂ ಹೇಳಬೇಡಿ” ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಸುಂದರೇಶ ಎದ್ದು ನಿಂತು, ತಮ್ಮದನ್ನು ಅಕ್ಷರ ಅಕ್ಷರವಾಗಿ ಜೋರಾಗಿ ಓದಿ, “ಇದು ಸರಿ ಇದೆಯಾ ನೋಡಮ್ಮ” ಎಂದರು. ಸರಿ ಉತ್ತರ ಸಿಕ್ಕಿತಲ್ಲ ಎಂದು ಹಿಂದಿನ ಸಾಲಿನ ಮೂವರು ಅವರ ಹೆಸರನ್ನೂ ಪಾಸ್‌ವರ್ಡನ್ನೂ ಕಾಪಿ ಹೊಡೆದರು. ಮಧ್ಯಾಹ್ನದ ಟೀ ಬರುವವರೆಗೆ ಆ ಲ್ಯಾಬಿನಲ್ಲಿ ನಾಲ್ವರು ಸುಂದರೇಶರಿದ್ದರು.

ಮಹದೇವು ಮೇಷ್ಟ್ರದ್ದು ಬೇರೆ ತಕರಾರು. “ಅಲ್ಲ ಕಣಮ್ಮ, ಇದ್ನೆಲ್ಲಾ ಇಲ್ಲಿ ತುಂಬಿದ್ರೆ ಯಾರು ನೋಡ್ತಾರೆ? ಎದುರಿಗೆ ನಿಂತು ಕಿರುಚಿದ್ರೇ ಕೇಳಿಸ್ಕೊಳ್ಳಲ್ಲ ನಮ್ ಹುಡುಗ್ರು.”

“ಹಾಗಲ್ಲ ಸರ್,” ಎಂದಳು ಶಿಲ್ಪಶ್ರೀ. “ಹುಡುಗರು ಇಪ್ಪತ್ನಾಲ್ಕು ಗಂಟೆ ಮೊಬೈಲಲ್ಲೇ ಇರ್ತಾರೆ. ನೀವು ಇಲ್ಲಿ ಬಟನ್ ಒತ್ತಿದ ತಕ್ಷಣ ಪ್ರತಿಯೊಬ್ಬರಿಗೂ ಹೋಗುತ್ತೆ. ಪ್ರತಿಯೊಬ್ಬರೂ ನೋಡ್ತಾರೆ.”

“ಯಾರೂ ನೋಡಲ್ಲ.”

“ನೋಡ್ತಾರೆ ಸರ್. ಬೇಕಾದ್ರೆ ಬೆಟ್ ಕಟ್ಟಿ.”

ಎರಡನೆಯ ದಿನ ‘ಪ್ರಕಟಣೆ’ ಹಾಕುವ ಅಭ್ಯಾಸ. ಡಬ್ಬಿಯೊಳಗೆ ಏನಾದರೂ ಟೈಪ್ ಮಾಡಿ, ಯಾರಿಗೆ ಹೋಗಬೇಕು ಎಂದು ಕೆಳಗಿನ ಪಟ್ಟಿಯಲ್ಲಿ ಆರಿಸಿ, ಕಳುಹಿಸಿ, ಅಷ್ಟೇ ಎಂದಳು. ಎಲ್ಲರೂ ‘ನಮಸ್ಕಾರ’, ‘ಟೆಸ್ಟ್’ ಎಂದು ಹೊಡೆದು ಕೈ ತೊಳೆದುಕೊಂಡರು. ಮಹದೇವು ಮೇಷ್ಟ್ರಿಗೆ ಸುಮ್ಮಸುಮ್ಮನೆ ಬರೆಯುವುದು ಗೊತ್ತಿಲ್ಲ. ಬರೆದರೆ ವಿಷಯ ಇರಬೇಕು. ವಿಷಯವೋ, ಜೇಬಿನಲ್ಲೇ ಇತ್ತು. ಹಿಂದಿನ ಭಾನುವಾರವಷ್ಟೇ ಮಗ ಸಾಗರನ ಮದುವೆ ಮುಗಿದಿತ್ತು, ಬರುವ ಭಾನುವಾರ ಹಿನಕಲ್‌ನಲ್ಲಿ ಬೀಗರೂಟ. ಸಹೋದ್ಯೋಗಿಗಳಿಗೆ ಹಂಚಲು ತಂದಿದ್ದ ಕಾರ್ಡುಗಳಲ್ಲಿ ಒಂದನ್ನು ಕೀಬೋರ್ಡಿಗೆ ಒರಗಿಸಿಕೊಂಡು, ಎರಡೇ ಬೆರಳಿನಲ್ಲಿ, ಅರ್ಧ ಗಂಟೆ ಕುಟ್ಟಿ, ‘ತಾವು ಸಕುಟುಂಬ ಪರಿವಾರ ಸಮೇತರಾಗಿ, ಬಂಧುಮಿತ್ರರೊಡಗೂಡಿ ಆಗಮಿಸಿ’ ಎಂಬುದನ್ನೂ ಬಿಡದೆ ಪೂರ್ತಿ ಇಳಿಸಿದರು.

ಆಮೇಲೆ ಕೆಳಗಿನ ಪಟ್ಟಿ ತೆರೆಯಿತು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವಾಣಿಜ್ಯ ಎಂದು ವಿಭಾಗಗಳ ಹೆಸರು ಸಾಲಾಗಿ ನಿಂತಿದ್ದವು. ಮೇಷ್ಟ್ರ ಎದೆ ಹೊಡೆದುಕೊಂಡಿತು. ಊಟಕ್ಕೆ ಕರೆಯುವಾಗ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡುವುದು ಉಂಟೇ? ಇತಿಹಾಸವನ್ನು ಕರೆದು ಅರ್ಥಶಾಸ್ತ್ರವನ್ನು ಬಿಟ್ಟರೆ ನಿವೃತ್ತಿಯವರೆಗೂ ಅವರು ಮುಖ ಕೊಟ್ಟು ಮಾತಾಡುವುದಿಲ್ಲ. ಪಟ್ಟಿಯ ತುದಿಯಲ್ಲಿ ‘ಎಲ್ಲರಿಗೂ’ ಎಂದು ಇತ್ತು. ಇದನ್ನು ಮಾಡಿದವನು ಯಾರೋ ಮನೆತನಸ್ಥನೇ ಇರಬೇಕು ಎಂದು ಮನಸಾರೆ ಮೆಚ್ಚಿ, ಅದನ್ನೇ ಒತ್ತಿದರು.

ಶಿಲ್ಪಶ್ರೀಯ ಮೊಬೈಲ್ ಟಿಣ್ ಎಂದಿತು. ಅವಳು ನೋಡಿದಳು. ಮುಖ ಬಿಳುಚಿಕೊಂಡಿತು.

“ಸರ್… ಏನ್ ಮಾಡ್ಬುಟ್ರಿ ಸರ್?”

“ನೀನು ಹೇಳ್ದಂಗೇ ಮಾಡ್ದೆ ಕಣಮ್ಮ. ನೀನೂ ಬರ್ಬೇಕು ಮತ್ತೆ.”

“ಇದು ಇಡೀ ಯೂನಿವರ್ಸಿಟಿಗೆ ಹೋಗಿದೆ ಸರ್! ಟ್ರೈನಿಂಗ್‌ಗೆ ಸುಲಭ ಆಗ್ಲಿ ಅಂತ ನಾನೇ ನಿಮ್ಗೆಲ್ಲ ಫುಲ್ ಪರ್ಮಿಷನ್ ಕೊಟ್ಟಿದ್ದೆ. ನಾಲ್ಕು ಸಾವಿರ ಚಿಲ್ಲರೆ ಸ್ಟೂಡೆಂಟ್ಸು!”

“ಸಕುಟುಂಬ ಅಂತ ಬೇರೆ ಹಾಕಿದೀರಲ್ಲ ಸ್ವಾಮಿ,” ಎಂದರು ಸುಂದರೇಶ, ತಲೆ ಬಗ್ಗಿಸಿ ಪರದೆ ಓದುತ್ತ. “ಮನೆಗೆ ನಾಲ್ಕು ಜನ ಅಂತಿಟ್ಕೊಳ್ಳಿ. ಬಂಧುಮಿತ್ರರನ್ನ ಬಿಟ್ಟೇ ಬಿಡಿ. ಇಷ್ಟು ಜನಕ್ಕೆ ಅಡುಗೆ ಮಾಡಿದ್ದು ನಮ್ಮ ಇತಿಹಾಸದಲ್ಲಿ ಬರೀ ಸೈನ್ಯಗಳು ಕಣ್ರೀ.”

ಲ್ಯಾಬು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೀಗರೂಟ ಎಂದರೆ ಹಪ್ಪಳ ಪಾಯಸದ ವಿಷಯವಲ್ಲ, ಮಾಂಸದೂಟದ್ದು. ಮದುವೆಯಲ್ಲಿ ಒಬ್ಬಟ್ಟು ಸಾಲದೆ ಹೋದರೆ ಜನ ವಾರದಲ್ಲಿ ಮರೆಯುತ್ತಾರೆ. ಬೀಗರೂಟದಲ್ಲಿ ಬಾಡು ಸಾಲದೆ ಹೋದರೆ ಮೊಮ್ಮಕ್ಕಳ ಮದುವೆಯಲ್ಲೂ ಅದನ್ನು ಎತ್ತಿ ಆಡುತ್ತಾರೆ. ಕರೆದವರಲ್ಲಿ ಒಬ್ಬನೇ ಒಬ್ಬ ಹಸಿದು ವಾಪಸು ಹೋದರೂ ಮನೆತನದ ಮರ್ಯಾದೆ ಮಣ್ಣುಪಾಲು. ಅದೂ ಹೊಸ ಬೀಗರ ಕಣ್ಣೆದುರಿಗೆ.

“ಹೆದರ್ಬೇಡಿ ಸರ್, ಅಳಿಸ್ಬಿಡೋಣ,” ಎಂದು ಶಿಲ್ಪಶ್ರೀ ಮೌಸಿಗೆ ಕೈ ಹಾಕಿದಳು. “ಒಂದೇ ಕ್ಲಿಕ್ಕು.”

ಮೇಷ್ಟ್ರು ಮೌಸಿನ ಮೇಲೆ ಅಂಗೈ ಮುಚ್ಚಿ ಕೂತರು. “ತಡಿಯಮ್ಮ. ಒತ್ತಿದ ತಕ್ಷಣ ಎಲ್ರೂ ನೋಡಿರ್ತಾರೆ ಅಂದೆಯಲ್ಲ? ನೋಡಾದ್ಮೇಲೆ ಅಳಿಸಿದ್ರೆ ಏನಂದ್ಕೊಳ್ತಾರೆ?” ಎಂದವರೇ ಮನೆಗೆ ಫೋನು ಹಚ್ಚಿದರು. ಅವರ ತಾಯಿ ಬೆಟ್ಟಮ್ಮನ ಕಿವಿ ಮಂದವಾದ್ದರಿಂದ ಅವರ ಮನೆಯ ಫೋನುಗಳೆಲ್ಲ ಸ್ಪೀಕರಿನಲ್ಲೇ ನಡೆಯುವುದು. ಮೇಷ್ಟ್ರು ವಿಷಯ ಹೇಳಿದರು. ಆ ಕಡೆಯಿಂದ ಎಲೆ ಅಡಿಕೆ ಅಗಿಯುವ ಸದ್ದು ಇಡೀ ಲ್ಯಾಬಿಗೆ ಕೇಳಿಸಿತು.

“ಅದ್ಕ್ಯಾಕ್ಲಾ ಇಂಗ್ ಬಾಯ್ ಬಡ್ಕತಿಯೆ?” ಎಂದಿತು ಮುದುಕಿಯ ದನಿ. “ಕರ್ದಿದ್ದು ಕರ್ದಾಯ್ತು. ಉಣ್ಣಕ್ ಕರ್ದ್ಬುಟ್ಟು ಬರ್‌ಬ್ಯಾಡಿ ಅನ್ನೋರು ನಮ್ಮನೇಲಿ ಯಾರೂ ಉಟ್ಟಿಲ್ಲ. ಇನ್ನೆಲ್ಡ್ ಅಂಡೆ ಒಲೆ ಮ್ಯಾಕ್ ಇಕ್ಸು, ಅತ್ಲಾಗೆ.”

ತೀರ್ಪು ಬಂದಾಯಿತು. ಪ್ರಕಟಣೆ ಅಲ್ಲೇ ಉಳಿಯಿತು. ಶಿಲ್ಪಶ್ರೀ ಮಾತ್ರ, “ನನ್ ಕೆಲ್ಸ ಹೋಯ್ತು” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. “ನಿನ್ ತಪ್ಪೇನಿದೆ ಬುಡಮ್ಮ, ಊಟಕ್ ಕರೆದ್ರೆ ಯಾರ್ನಾದ್ರೂ ಕೆಲ್ಸದಿಂದ ತೆಗೀತಾರಾ?” ಎಂದು ಸಮಾಧಾನ ಮಾಡಿದ ಮೇಷ್ಟ್ರಿಗೆ ಒಳಗೊಳಗೇ ಬೆವರು ಕಿತ್ತು ಬರುತ್ತಿತ್ತು.

ಆದರೂ ಒಂದು ಆಸೆ. ಹುಡುಗರು ನೋಡದೇ ಇದ್ದರೆ? ಮರುದಿನ ಕ್ಲಾಸಿನಲ್ಲಿ ಹಾಜರಿ ಮುಗಿಸಿ, ಗಂಟಲು ಸರಿಮಾಡಿಕೊಂಡು, “ಎಲ್ಲೆಮ್ಮೆಸ್ಸಲ್ಲಿ ನಾನು ಹಾಕಿದ್ದು ನೋಡಿದ್ರೇನ್ರಪ್ಪಾ?” ಎಂದು ಕೇಳಿದರು.

“ನೋಡಿದ್ವಿ ಸಾರ್!” ಎಂದಿತು ಇಡೀ ಕ್ಲಾಸು.

“ಎಲ್ಲಾರೂ?”

“ಎಲ್ಲಾರೂ ಸಾರ್!”

“ಹಂಗಾದ್ರೆ… ಬರ್ತೀರಿ?”

“ಬರ್ತೀವಿ ಸಾರ್!”

ಅಯ್ಯೋ ದೇವರೇ! ‘ಅರ್ಥ ಆಯ್ತೇನ್ರಪ್ಪಾ’ ಎಂದರೆ ‘ಆಯ್ತು ಸಾರ್’, ‘ಓದಿದ್ರಾ’ ಎಂದರೆ ‘ಓದಿದ್ವಿ ಸಾರ್’ ಎಂದು ಒಂದೇ ರಾಗದಲ್ಲಿ ಹಾಡುವ ಮಕ್ಕಳು ಅವು. ಕ್ಲಾಸಿನಲ್ಲೇ ಕೂದಲು ಬೆಳ್ಳಗಾದ ಮೇಷ್ಟ್ರಿಗೆ ಅಷ್ಟು ಗೊತ್ತಾಗಬೇಡವೇ? ಗೊತ್ತಾಗಲಿಲ್ಲ. ಹೆದರಿದ ಮನುಷ್ಯನಿಗೆ ಬೇಡದ ಮಾತೇ ಮೊದಲು ಕೇಳಿಸುವುದು. ನೇರವಾಗಿ ‘ಭಾನುವಾರ ಊಟಕ್ಕೆ ಎಷ್ಟು ಜನ’ ಎಂದು ಲೆಕ್ಕ ಕೇಳಲು ನಾಚಿಕೆ. ಕರೆದವರು ಹಾಗೆಲ್ಲ ಕೇಳಬಾರದು.

ಸಂಜೆ ಅಡುಗೆಯ ಜವರಯ್ಯನನ್ನು ಕರೆಸಿದರು. ಸುತ್ತಲ ಊರುಗಳ ಬಾಡೂಟಗಳಿಗೆಲ್ಲ ಸೌಟು ಹಿಡಿದ ಆಸಾಮಿ.

“ಎಷ್ಟ್ ಜನ ಆಗ್ಬೋದು ಸಾ?”

“ಗೊತ್ತಿಲ್ಲ ಕಣಯ್ಯ.”

“ಅಂದಾಜು?”

“ಯೂನಿವರ್ಸಿಟಿ.”

ಜವರಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಮೊದಲು ಹೇಳಿದ್ದ ಕುರಿಗಳ ಜೊತೆಗೆ ಇನ್ನೂ ಅಷ್ಟೇ ಕುರಿ ಎಂದಾಯಿತು. ಮುದ್ದೆ, ಬೋಟಿ ಗೊಜ್ಜು, ತಲೆಕಾಲು ಸಾರು, ಚಾಪ್ಸು, ಬಿರಿಯಾನಿ. ಮೇಷ್ಟ್ರ ಹೆಂಡತಿ ವಾಣಿ, “ಮದ್ವೆಗೇ ಇಷ್ಟು ಮಾಡ್ಲಿಲ್ಲ, ಎಲ್ಲೆಮ್ಮೆಸ್ಸಿಗೆ ಮಾಡ್ತಾ ಇದೀರಿ” ಎಂದು ಗೊಣಗುತ್ತಲೇ ಪಕ್ಕದ ಖಾಲಿ ಸೈಟಿಗೂ ಶಾಮಿಯಾನ ಹಾಕಿಸಿದರು. ಶನಿವಾರ ರಾತ್ರಿ ಮೇಷ್ಟ್ರಿಗೆ ನಿದ್ದೆ ಹತ್ತಲಿಲ್ಲ.

ಭಾನುವಾರ ಬಂತು. ಬೀಗರು ಎರಡು ಬಸ್ಸಿನಲ್ಲಿ ಬಂದಿಳಿದರು, ನೆಂಟರಿಷ್ಟರು ಬಂದರು, ತರಬೇತಿಯ ಮೇಷ್ಟ್ರುಗಳೆಲ್ಲ ಬಂದರು, ಶಿಲ್ಪಶ್ರೀಯೂ ಬಂದಳು. ಸುಂದರೇಶ, ನೂಕುನುಗ್ಗಲಿಗೆ ಮೊದಲೇ ಮುಗಿಸಿಬಿಡುತ್ತೇನೆ ಎಂದು ಮೊದಲ ಪಂಕ್ತಿಯಲ್ಲೇ ಕೂತು ಎರಡು ಮುದ್ದೆ ಇಳಿಸಿದರು. ಮೇಷ್ಟ್ರು ಬಿಳಿ ಪಂಚೆ, ಬಿಳಿ ಷರಟು ಹಾಕಿ ಶಾಮಿಯಾನದ ಬಾಗಿಲಲ್ಲಿ ಕೈಮುಗಿದು ನಿಂತರು. ಕಣ್ಣೆಲ್ಲ ರಸ್ತೆಯ ಮೇಲೆ. ಯಾವುದಾದರೂ ಬಸ್ಸು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು.

ಒಂದು ಪಂಕ್ತಿ ಎದ್ದಿತು. ಎರಡು ಎದ್ದಿತು. ಬೀಗರು ಉಂಡು, ತೇಗಿ, ಬೀಡಾ ಹಾಕಿಕೊಂಡು, “ಭಾಳ ಚೆನ್ನಾಗ್ ಮಾಡಿಸಿದ್ರಿ” ಎಂದರು. ಒಬ್ಬ ಹುಡುಗನ ಸುಳಿವೂ ಇಲ್ಲ. ಎರಡೂವರೆಯಾಯಿತು. ಪಕ್ಕದ ಸೈಟಿನ ಶಾಮಿಯಾನದಲ್ಲಿ ಹಾಸಿದ ಟೇಬಲ್‌ಪೇಪರು ಗಾಳಿಗೆ ಪಟಪಟ ಎನ್ನುತ್ತಿತ್ತು. ಒಲೆಯ ಹತ್ತಿರ ಜವರಯ್ಯ ಮುಚ್ಚಳ ತೆಗೆಯದ ಹಂಡೆಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಯಾರ್ಲಾ ನಿನ್ ಉಡುಗ್ರು?” ಎಂದು ಬೆಟ್ಟಮ್ಮ ಕುರ್ಚಿಯಿಂದ ಕೂಗಿದರು.

ಇಷ್ಟು ದಿನ ಎಲ್ಲಿ ಬಂದುಬಿಡುತ್ತಾರೋ ಎಂದು ಹೆದರಿದ್ದ ಮೇಷ್ಟ್ರಿಗೆ ಈಗ ಬೇರೆಯೇ ಸಂಕಟ ಶುರುವಾಯಿತು. ಇಷ್ಟು ವರ್ಷ ಗಂಟಲು ಹರಿದುಕೊಂಡು ಪಾಠ ಮಾಡಿದೆ, ಮನೆಗೆ ಕರೆದರೆ ಒಬ್ಬ ಬರಲಿಲ್ಲವಲ್ಲ! ಬಾಡು ಉಳಿದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಅವರು ಹಾಗೇ ಒಂದು ಕುರ್ಚಿಯ ಮೇಲೆ ಕುಸಿದರು.

ಶಿಲ್ಪಶ್ರೀಗೆ ತಡೆಯಲಾಗಲಿಲ್ಲ. ಮೊಬೈಲ್ ತೆಗೆದು, ಎಲ್ಲೆಮ್ಮೆಸ್ಸಿನೊಳಗೆ ಎಲ್ಲೋ ಒತ್ತಿ, ಇನ್ನೆಲ್ಲೋ ಒತ್ತಿ, ತುಟಿ ಕಚ್ಚಿಕೊಂಡಳು. “ಸರ್… ಯಾರ್ ಯಾರು ತೆಗೆದು ನೋಡಿದಾರೆ ಅಂತ ಇಲ್ಲಿ ಗೊತ್ತಾಗುತ್ತೆ. ನಾನು ಮೊದ್ಲೇ ನೋಡ್ಬೇಕಿತ್ತು.”

“ಎಷ್ಟು ಜನ?”

“ಮೂರು. ಒಂದು ನೀವು. ಒಂದು ನಾನು.” ಅವಳ ದನಿ ಸಣ್ಣಗಾಯಿತು. “ಮೊದಲನೇ ದಿನ ಎಲ್ರೂ ಲಾಗಿನ್ ಆಗಿದಾರೆ ಸರ್. ಒಳಗೆ ಏನೂ ಇರ್ಲಿಲ್ವಲ್ಲ, ಆಮೇಲೆ ಯಾರೂ ಈ ಕಡೆ ತಲೆ ಹಾಕಿಲ್ಲ.”

“ನಾನು ಅವತ್ತೇ ಬಡ್ಕೊಂಡೆ, ಯಾರೂ ನೋಡಲ್ಲ ಅಂತ,” ಎಂದರು ಮೇಷ್ಟ್ರು. ಬೆಟ್ ಗೆದ್ದಿದ್ದರು. ಗೆದ್ದದ್ದು ಅಷ್ಟೊಂದು ಹಂಡೆ ಬಾಡು.

“ಮೂರನೇದು ಯಾರೋ ಗಗನ ಅಂತೆ ಸರ್.”

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಿದ್ದರು. ಹಸಿರು ರೇಷ್ಮೆ ಸೀರೆಯುಟ್ಟ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ತಾಯಿ, ಅವರ ಕೈ ಹಿಡಿದ ಒಬ್ಬ ಅಜ್ಜಿ. ಹುಡುಗಿಯ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ. “ನಮಸ್ಕಾರ ಸಾರ್. ಲೇಟಾಯ್ತು. ರಾಜೀವನಗರದಿಂದ ಎರಡು ಬಸ್ ಹಿಡೀಬೇಕಿತ್ತು. ಸಕುಟುಂಬ ಅಂತ ಹಾಕಿದ್ರಲ್ಲ, ಅದಕ್ಕೆ ಇವರನ್ನೂ ಕರ್ಕೊಂಡು ಬಂದೆ. ನಾನು ಗಗನ.”

ಮೇಷ್ಟ್ರು ಎದ್ದು ನಿಂತರು. “ಬನ್ನಿ, ಒಳಗ್ ಬನ್ನಿ” ಎಂದು ಮೆಲ್ಲಗೆ ಕರೆದರು. ಆ ಗಂಟಲಿನಿಂದ ಅಷ್ಟು ಮೆಲ್ಲಗೆ ಮಾತು ಹೊರಟದ್ದು ಅದೇ ಮೊದಲು.

ತಾವೇ ಎಲೆ ಹಾಸಿದರು, ತಾವೇ ಬಡಿಸಿದರು. ಅಜ್ಜಿಗೆ ಮೆತ್ತಗಿನ ತುಂಡು ಹುಡುಕಿ ಹಾಕಿದರು. ಬೆಟ್ಟಮ್ಮ ಕುರ್ಚಿಯನ್ನು ಆ ಅಜ್ಜಿಯ ಎದುರಿಗೇ ಎಳೆಸಿಕೊಂಡು, “ನಾಚ್ಕೊಬ್ಯಾಡಿ ಉಣ್ಣಿ, ಯೂನಿವರ್ಸಿಟಿ ಪಾಲೆಲ್ಲ ನಿಮ್ಗೇ ಉಳ್ಕಂಡದೆ” ಎಂದು ಉಪಚರಿಸಿದರು. ಮೇಷ್ಟ್ರು ಸಾರಿನ ಸೌಟು ಹಿಡಿದುಕೊಂಡೇ ಹುಡುಗಿಯನ್ನು ಕೇಳಿದರು: “ಅಲ್ಲ ಕಣಮ್ಮ, ಕ್ಲಾಸಿಗೆ ಒಂದು ದಿನಾನೂ ಬರ್ಲಿಲ್ಲ, ಊಟಕ್ಕೆ ಮಾತ್ರ ಸರಿಯಾಗಿ ಬಂದ್ಬುಟ್ಟೆಯಲ್ಲ?” ತಮಾಷೆಗೇ ಕೇಳಿದ್ದು.

ಹುಡುಗಿ ತಲೆ ತಗ್ಗಿಸಿದಳು. “ಮಂಡಿ ಮೊಹಲ್ಲಾದಲ್ಲಿ ಹೋಲ್‌ಸೇಲ್ ಅಂಗಡೀಲಿ ಬಿಲ್ ಹಾಕ್ತೀನಿ ಸಾರ್. ಬೆಳಿಗ್ಗೆ ಲೋಡು ಇಳಿಯೋ ಹೊತ್ತಿಗೆ ನಾನಿರ್ಬೇಕು. ಬಿಟ್ಟು ಬರೋಷ್ಟರಲ್ಲಿ ನಿಮ್ ಪೀರಿಯಡ್ ಮುಗಿದಿರುತ್ತೆ. ನೋಟ್ಸೆಲ್ಲ ಎಲ್ಲೆಮ್ಮೆಸ್ಸಲ್ಲಿ ಬರುತ್ತೆ ಅಂತ ಅಡ್ಮಿಷನ್ ದಿನ ಹೇಳಿದ್ರು. ಅದಕ್ಕೇ ದಿನಾ ಬಸ್ಸಲ್ಲಿ ತೆಗೆದು ನೋಡ್ತೀನಿ.”

“ದಿನಾ?”

“ಹ್ಞೂ ಸಾರ್. ಮೂರು ತಿಂಗಳಿಂದ ನಿಮ್ಮ ಹೆಸರಿನ ಕೆಳಗೆ ಬಂದಿದ್ದು ಇದೊಂದೇ. ಅದಕ್ಕೇ ತಪ್ಪಿಸ್ಬಾರ್ದು ಅಂತ ಬಂದೆ.”

ಅವಳು ದೂರು ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಮೇಷ್ಟ್ರಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ದಿನಾ ಬೆಳಿಗ್ಗೆ ಗಗನಕುಸುಮ ಎಂದು ಇಡೀ ಕ್ಲಾಸನ್ನು ನಗಿಸಿದ್ದು ನೆನಪಾಗಿ ಸೌಟು ಕೈಯಲ್ಲೇ ಉಳಿಯಿತು. ಯಾರೂ ನೋಡುವುದಿಲ್ಲ ಎಂದು ಅವರು ವಾದ ಹೂಡುತ್ತಿದ್ದಾಗೆಲ್ಲ ಒಬ್ಬಳು ನೋಡುತ್ತಲೇ ಇದ್ದಳು.

“ಸಾರ್, ಇಷ್ಟೊಂದು ಉಳಿದಿದೆಯಲ್ಲ,” ಎಂದಳು ಗಗನ, ಹಂಡೆಗಳ ಕಡೆ ನೋಡಿ. “ನಮ್ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಹಾಕ್ಲಾ? ಭಾನುವಾರ ರಾತ್ರಿ ಹಾಸ್ಟೆಲಲ್ಲಿ ಊಟ ಇರಲ್ಲ.”

ಮೇಷ್ಟ್ರು ಶಿಲ್ಪಶ್ರೀಯ ಮುಖ ನೋಡಿದರು. ಶಿಲ್ಪಶ್ರೀ ಆಕಾಶ ನೋಡಿದಳು. “ಹಾಕಮ್ಮ,” ಎಂದರು.

ಗಗನ ಎಡಗೈಯಲ್ಲಿ ಒಂದೇ ಸಾಲು ಹೊಡೆದಳು: ‘ಮಹದೇವು ಸಾರ್ ಮನೇಲಿ ಮಟನ್, ಹಿನಕಲ್, ಬೇಗ.’ ಅಡ್ರೆಸ್ಸೂ ಹಾಕಿರಲಿಲ್ಲ. ಅರ್ಧ ಗಂಟೆಯಲ್ಲಿ ರಸ್ತೆಯ ತುಂಬ ಹಾರನ್ನು. ಒಂದು ಬೈಕಿನಲ್ಲಿ ಮೂವರು, ಒಂದು ಆಟೋದಲ್ಲಿ ಎಂಟು ಜನ, ನಡೆದು ಬಂದವರು, ಓಡಿ ಬಂದವರು. “ನೋಡಿದ್ವಿ ಸಾರ್” ಎಂದು ಹಾಡಿದ್ದ ಮಕ್ಕಳೆಲ್ಲ, “ಮೊದ್ಲೇ ಹೇಳ್ಬಾರ್ದಾ ಸಾರ್?” ಎನ್ನುತ್ತ ಒಳನುಗ್ಗಿದರು. ಇವರ ಬೆನ್ನಿಗೆ ಬೇರೆ ಕ್ಲಾಸಿನವರು, ಅವರ ಸ್ನೇಹಿತರು. ಮುಚ್ಚಿದ್ದ ಹಂಡೆಗಳ ಮುಚ್ಚಳ ಒಂದೊಂದಾಗಿ ತೆರೆದವು. ಜವರಯ್ಯ ಮೈಮೇಲೆ ಬಂದವನಂತೆ ಬಡಿಸಿದ. ಕೊನೆಯ ಹುಡುಗನ ಎಲೆಗೆ ಕೊನೆಯ ಚಾಪ್ಸು ಬಿದ್ದಾಗ ಹಂಡೆಯ ತಳದಲ್ಲಿ ಸೌಟು ಕರಕರ ಎಂದಿತು. ಹಸಿದು ಹೋದವರು ಯಾರೂ ಇರಲಿಲ್ಲ, ಮನೆಯ ಯಜಮಾನನನ್ನು ಬಿಟ್ಟರೆ. ಅವರ ಎಲೆಗೆ ಉಳಿದದ್ದು ಅನ್ನ, ಮಜ್ಜಿಗೆ.

ಸಂಜೆ ಗಗನ, ತಾಯಿ, ಅಜ್ಜಿ ಮೂವರನ್ನೂ ಬಸ್‌ಸ್ಟಾಪಿನವರೆಗೆ ಕಳಿಸಿ ಬಂದ ಮೇಷ್ಟ್ರು ನೇರ ಶಿಲ್ಪಶ್ರೀಯ ಹತ್ತಿರ ಹೋದರು. “ಪಾಠ ಹಾಕೋದು ಹೆಂಗೆ, ಇನ್ನೊಂದ್ಸಲ ತೋರ್ಸಮ್ಮ.”

“ನಾಳೆ ಲ್ಯಾಬಲ್ಲಿ ತೋರಿಸ್ತೀನಿ ಸರ್.”

“ನಾಳೆ ಬೇಡ ಕಣಮ್ಮ, ಈಗ. ಆ ಹುಡುಗಿ ಬಸ್ಸಲ್ಲಿ ನೋಡ್ತಾಳೆ.”

ಬರೆದು ಹಾಕಲು ಅವರ ಎರಡು ಬೆರಳಿಗೆ ವಾರ ಬೇಕು. ಮಾತಾಡಿದರೆ ನನ್ನ ಮೊಬೈಲೇ ಹಿಡಿದುಕೊಳ್ಳುತ್ತದೆ, ನಿಮ್ಮ ಹೆಸರಿನಲ್ಲಿ ಅದನ್ನೇ ಹಾಕಬಹುದು ಎಂದಳು ಶಿಲ್ಪಶ್ರೀ. ಅದಕ್ಕೇನಂತೆ! ಮಡಚುತ್ತಿದ್ದ ಕುರ್ಚಿಗಳ ನಡುವೆ ಒಂದನ್ನು ಹಿಡಿದು ಕೂತು, ಮೇಷ್ಟ್ರು ಸೆಮಿಸ್ಟರಿನ ಮೊದಲ ಪಾಠ ಶುರು ಮಾಡಿದರು. ಹಿಂದೆ ಜವರಯ್ಯ ಪಾತ್ರೆ ಉಜ್ಜಿಸುವ ಸದ್ದು, ಅದರ ಮೇಲೆ ಬೆಟ್ಟಮ್ಮನ ಬೈಗುಳ, ಎಲ್ಲ ಸೇರಿಕೊಂಡೇ ಪಾಠ ತಯಾರಾಯಿತು. ಯಾರಿಗೆ ಎಂದು ಪಟ್ಟಿ ತೆರೆದಾಗ ‘ಎಲ್ಲರಿಗೂ’ ಎಂಬುದರ ಹತ್ತಿರಕ್ಕೂ ಹೋಗದೆ, ಕನ್ನಡಕ ಏರಿಸಿ, ತಮ್ಮ ಕ್ಲಾಸನ್ನು ಹುಡುಕಿ ಒತ್ತಿದರು. ಒತ್ತಿದ ಮೇಲೂ ಎದ್ದು ಹೋಗಲಿಲ್ಲ. ಪರದೆಯನ್ನೇ ನೋಡುತ್ತ ಕೂತರು.

“ಇಷ್ಟು ಬೇಗ ಯಾರೂ ನೋಡಲ್ಲ ಸರ್,” ಎಂದಳು ಶಿಲ್ಪಶ್ರೀ. “ಊಟಕ್ಕೆ ಏಳಿ, ಬೆಳಿಗ್ಗೆ ನೋಡಿದ್ರಾಯ್ತು.”

“ನೋಡ್ತಾರೆ. ಬೇಕಾದ್ರೆ ಬೆಟ್ ಕಟ್ಟು,” ಎಂದರು ಮೇಷ್ಟ್ರು.

ಒಳಗಿಂದ ವಾಣಿ ಅನ್ನ ತಣ್ಣಗಾಯಿತು ಎಂದು ಎರಡು ಸಲ ಕೂಗಿದರು. ಮೂರನೆಯ ಸಲ ಕೂಗುವಷ್ಟರಲ್ಲಿ, ರಾಜೀವನಗರದ ಬಸ್ಸು ಇನ್ನೂ ದಾರಿಯಲ್ಲಿರುವಾಗಲೇ, ಪಾಠದ ಕೆಳಗೆ ಒಂದು ಸಾಲು ಮೂಡಿತು. ನೋಡಿದ ವಿದ್ಯಾರ್ಥಿಗಳು: ಒಬ್ಬರು.

ಮೇಷ್ಟ್ರು ಮೊಬೈಲನ್ನು ಶಿಲ್ಪಶ್ರೀಯ ಕೈಗೆ ಕೊಟ್ಟು, ಮಜ್ಜಿಗೆ ಅನ್ನಕ್ಕೆ ಎದ್ದರು.